ಓದುಗರ ಪ್ರಶ್ನೆ: ‘ಮಾರಿಯೋ ಪಾರ್ಟಿ’ ಕೊಳ್ಳುವ ಮುನ್ನ

ಪ್ರಶ್ನೆ: ನಿಂಟೆಂಡೊ 64 ಎಂಬ ಹಳೆಯ ವಿಡಿಯೊ ಗೇಮ್ ಯಂತ್ರದ ಮೂರು ‘ಮಾರಿಯೋ ಪಾರ್ಟಿ’ ಆಟಗಳಲ್ಲಿ ಯಾವುದನ್ನು ಕೊಳ್ಳಲಿ? (ಮೈಸೂರು)

ಉತ್ತರ: ಹೆಚ್ಚು ಬೆಲೆ ಮೂರನೆಯದಕ್ಕೆ. ಅಮೆರಿಕದಲ್ಲಿ ಅದು ಮಾರಾಟಕ್ಕೆ ಬಂದದ್ದು 2001ರ ಮೇ ತಿಂಗಳಲ್ಲಿ. ಅದೇ ವರ್ಷದ ಕೊನೆಗೆ ನಿಂಟೆಂಡೊದ ಮುಂದಿನ ಯಂತ್ರ ಗೇಮ್‌ಕ್ಯೂಬ್ ಬಂತು, ಹಳೆಯ ಯಂತ್ರಕ್ಕೆ ಆಟ ಕೊಳ್ಳುವವರು ಅಷ್ಟರಲ್ಲೇ ಕಡಿಮೆಯಾಗಿದ್ದರು. ಆದರೂ ಒಂದೇ ಸಾಕು ಅನ್ನುವವರಿಗೆ ನಮ್ಮ ಸಲಹೆ ಮೊದಲನೆಯದು. ಹಡ್ಸನ್ ಸಾಫ್ಟ್ ಮಾಡಿದ ಈ ಆಟ ಜಪಾನ್‌ನಲ್ಲಿ 1998ರ ಡಿಸೆಂಬರ್‌ನಲ್ಲಿ ಬಂತು. 20 ನಾಣ್ಯಕ್ಕೆ ಒಂದು ನಕ್ಷತ್ರ, ಪ್ರತಿ ಸುತ್ತಿನ ಕೊನೆಗೆ ಒಂದು ಕಿರು ಆಟ ಎಂಬ ಕ್ರಮ ಹುಟ್ಟಿದ್ದು ಇಲ್ಲೇ. 2022ರ ನವೆಂಬರ್‌ನಲ್ಲಿ ನಿಂಟೆಂಡೊದ ನಂತರದ ಯಂತ್ರ ಸ್ವಿಚ್‌ಗೆ ಬರುವವರೆಗೂ ಇದನ್ನು ಆಡಲು ಯಂತ್ರಕ್ಕೆ ಸಿಕ್ಕಿಸುವ ಹಳೆಯ ಕಾರ್ಟ್ರಿಡ್ಜ್ ಬಿಟ್ಟರೆ ಅಧಿಕೃತ ದಾರಿ ಇರಲಿಲ್ಲ. ಕಾರ್ಟ್ರಿಡ್ಜ್ ಬಂದ ರಟ್ಟಿನ ಡಬ್ಬಿಯನ್ನು ಮಕ್ಕಳು ಅಂದೇ ಹರಿದು ಎಸೆದಿದ್ದಾರೆ. ಡಬ್ಬಿ, ಕೈಪಿಡಿ ಎರಡೂ ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ.

ಪ್ರಶ್ನೆ: ಮಾರುವವರು ‘ಹೊಸ ಬ್ಯಾಟರಿ ಹಾಕಿದ್ದೇವೆ’ ಅನ್ನುತ್ತಾರೆ. ನಂಬಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಮೂರೂ ಭಾಗಗಳು ಆಟವನ್ನು ಉಳಿಸಿಕೊಳ್ಳುವುದು ವಿದ್ಯುತ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಈಪ್ರಾಮ್ ಚಿಪ್‌ನಲ್ಲಿ. ಅಸಲಿಯಲ್ಲಿ ಬ್ಯಾಟರಿಯೇ ಇಲ್ಲ. 3.8 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್‌ನಿಂದ ಕಾರ್ಟ್ರಿಡ್ಜ್ ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ನೋಡಿ. ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರಬೇಕು. ನಾಣ್ಯಬ್ಯಾಟರಿ ಕಂಡರೆ ಅದು ನಕಲು.

ಪ್ರಶ್ನೆ: ಕಂಟ್ರೋಲರ್‌ನ ಸ್ಟಿಕ್ ಲೊಡಲೊಡ ಅನ್ನುತ್ತದೆ, ಸುತ್ತ ಬಿಳಿ ಪುಡಿ. ಇದು ಈ ಆಟದಿಂದಲೇ ಆದದ್ದೇ? (ಶಿವಮೊಗ್ಗ)

ಉತ್ತರ: ಬಹುಪಾಲು ಹೌದು. ಹಗ್ಗಜಗ್ಗಾಟ, ಬಲ್ಬು ಬೆಳಗಿಸುವ ‘ಪೆಡಲ್ ಪವರ್’ ಮುಂತಾದ ಕಿರು ಆಟಗಳಲ್ಲಿ ಸ್ಟಿಕ್ಕನ್ನು ಜೋರಾಗಿ ತಿರುಗಿಸಿದವರೇ ಗೆಲ್ಲುತ್ತಾರೆ. ಹೆಬ್ಬೆರಳು ಸಾಲದೆ ಮಕ್ಕಳು ಅಂಗೈ ಒತ್ತಿ ತಿರುಗಿಸಿದರು, ಚರ್ಮ ಸುಲಿದು ಬೊಬ್ಬೆ ಎದ್ದವು. ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿ ಮಧ್ಯೆ ಬಂದ ಮೇಲೆ, 2000ದಲ್ಲಿ ನಿಂಟೆಂಡೊ ಮನೆಗೆ ನಾಲ್ಕರವರೆಗೆ ಕೈಗವಸು ಕೊಡಲು ಒಪ್ಪಿತು.

ಕೈಗಾದ ಗಾಯ ಮಾಯುತ್ತದೆ, ಸವೆದ ಪ್ಲಾಸ್ಟಿಕ್ ಮಾಯುವುದಿಲ್ಲ. ಸ್ಟಿಕ್‌ನ ಬುಡ ಒಂದು ಬಟ್ಟಲಿನಲ್ಲಿ ಕೂತು ಎರಡು ಕಮಾನುಗಳನ್ನು ಅಲ್ಲಾಡಿಸುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಉಜ್ಜಿ ಉದುರಿದ್ದೇ ಆ ಪುಡಿ, ಅದು ಒಳಗೇ ಉಳಿದು ಮತ್ತಷ್ಟು ತೇಯುತ್ತದೆ. ಬಿಚ್ಚಿ, ಒಣ ಬ್ರಷ್‌ನಿಂದ ಪುಡಿ ತೆಗೆದು, ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಸವೆತ ಅಲ್ಲಿಗೆ ನಿಧಾನವಾಗುತ್ತದೆ, ಸಡಿಲ ಮಾತ್ರ ಹೋಗುವುದಿಲ್ಲ. ಅದಕ್ಕೆ ಬಟ್ಟಲು, ಕಮಾನು ಎರಡನ್ನೂ ಬದಲಿಸಬೇಕು. ಗೇಮ್‌ಕ್ಯೂಬ್ ಮಾದರಿಯ ಬದಲಿ ಸ್ಟಿಕ್ ಅಗ್ಗ, ಆದರೆ ಹಲವು ಸಲ ಸ್ವಲ್ಪ ತಳ್ಳಿದರೂ ಅತಿಯಾಗಿ ಓಡುತ್ತದೆ. ಕೊಳ್ಳುವಾಗ ಸ್ಟಿಕ್ ತಾನಾಗಿ ನೆಟ್ಟಗೆ ನಿಲ್ಲುತ್ತದೆಯೇ ನೋಡಿ. ಪರದೆಯಲ್ಲಿ ಪಾತ್ರ ತಾನೇ ಒಂದು ಕಡೆ ಸರಿಯುತ್ತಿದ್ದರೆ ಸ್ಟಿಕ್ ಬಿಟ್ಟು ಎಲ್, ಆರ್, ಸ್ಟಾರ್ಟ್ ಮೂರನ್ನೂ ಒಟ್ಟಿಗೆ ಒತ್ತಿ, ಮಧ್ಯಬಿಂದು ಸರಿಹೋಗುತ್ತದೆ.

ಪ್ರಶ್ನೆ: ಅಮೆರಿಕದಿಂದ ತಂದ ಯಂತ್ರವನ್ನು ಇಲ್ಲಿ ನೇರ ಪ್ಲಗ್‌ಗೆ ಹಾಕಬಹುದೇ? (ಬೆಂಗಳೂರು)

ಉತ್ತರ: ಖಂಡಿತ ಬೇಡ. ಅದರ ಅಡಾಪ್ಟರ್ 120 ವೋಲ್ಟ್‌ನದು, ನಮ್ಮದು 230. ಅಡಾಪ್ಟರ್ ಯಂತ್ರದ ಹಿಂದಿನಿಂದ ಕಳಚಿ ಬರುತ್ತದೆ, ಆದ್ದರಿಂದ ಯುರೋಪಿನ ಅಡಾಪ್ಟರ್ ತರಿಸಿ ಸಿಕ್ಕಿಸಿದರೆ ಸಾಕು. ಇಲ್ಲವೇ ವೋಲ್ಟೇಜ್ ಇಳಿಸುವ 50 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ. ಆಟದ ಕಾರ್ಟ್ರಿಡ್ಜ್ ಕೂಡ ಅಮೆರಿಕದ್ದೇ ಇರಲಿ: ಯುರೋಪಿನದು ಓಡುವುದಿಲ್ಲ, ಜಪಾನಿನದು ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ.