ಮುತ್ತಜ್ಜ ದಿನಾ ಕೋಟು ಹಾಕುತ್ತಿದ್ದರಾ?

ಓದುಗರ ಪತ್ರ: ಸಂಪಾದಕರೇ, ಮೇ ತಿಂಗಳಲ್ಲಿ ನಮ್ಮ ಮನೆತನದವರೆಲ್ಲ ಮೂಲಮನೆಯಲ್ಲಿ ಸೇರುತ್ತಿದ್ದೇವೆ. ಮಕ್ಕಳಿಗೆ ಹಿರೀಕರ ವೇಷ ಹಾಕಿಸಬೇಕು ಅಂತ ಆಸೆ. ನಮ್ಮ ಹತ್ತಿರ ಇರುವುದು 1910ರ ಸುಮಾರಿನ ಒಂದೇ ಫೋಟೊ. ಅದರಲ್ಲಿ ಮುತ್ತಜ್ಜ ಕೋಟು ತೊಟ್ಟು ಪೇಟ ಸುತ್ತಿದ್ದಾರೆ, ಮುತ್ತಜ್ಜಿ ಕಪ್ಪು ಸೀರೆ ಉಟ್ಟಿದ್ದಾರೆ. ಅದಕ್ಕೂ ಹಿಂದಿನವರ ಬಟ್ಟೆಯನ್ನು ಬೇಲೂರಿನ ಶಿಲ್ಪ ನೋಡಿ ಹೊಲಿಸೋಣ ಅನ್ನುತ್ತಾನೆ ನನ್ನ ತಮ್ಮ. ಸರಿಯೇ?
– ಸಕಲೇಶಪುರ ತಾಲ್ಲೂಕಿನ ಓದುಗರು

ಉತ್ತರ: ತಮ್ಮನವರ ಮಾತನ್ನು ಮೊದಲು ಮುಗಿಸಿಬಿಡೋಣ. ಬೇಡ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ನಿಮ್ಮ ಮುತ್ತಜ್ಜನಿಗೂ ಅದಕ್ಕೂ ಎಂಟುನೂರು ವರ್ಷದ ದೂರ. ಅದಿರಲಿ, ಆ ಗುಡಿ ಕಟ್ಟಿಸಿದ ವಿಷ್ಣುವರ್ಧನನ ಕಾಲದಲ್ಲೂ ಗದ್ದೆ ನೆಟ್ಟಿಗೆ ಹೋಗುವ ಹೆಂಗಸು ಅಲ್ಲಿನ ಮದನಿಕೆ ಶಿಲ್ಪದ ಹಾಗೆ ಒಡವೆ ಹೇರಿಕೊಂಡು ಹೋಗುತ್ತಿದ್ದಳು ಅಂತ ನಾನಂತೂ ನಂಬೋದಿಲ್ಲ. ಆ ಶಿಲ್ಪಿಗೆ ಕುಸುರಿ ತೋರಿಸುವ ಹುಚ್ಚು. ಬಟ್ಟೆಗಿಂತ ಹಾರದ ಮೇಲೇ ಅವನಿಗೆ ಪ್ರೀತಿ ಜಾಸ್ತಿ.

ಕಲ್ಲೇ ನೋಡಬೇಕು ಅಂತಿದ್ದರೆ ಊರ ವೀರಗಲ್ಲು ನೋಡಿ. ಅದು ದನ ಬಿಡಿಸಲು ಹೋಗಿಯೋ, ಊರು ಕಾಯಲು ಹೋಗಿಯೋ ಸತ್ತ ನಿಜವಾದ ಮನುಷ್ಯನಿಗೆ ಹಾಕಿದ ಕಲ್ಲು. ಸಾಮಾನ್ಯವಾಗಿ ಮೂರು ಪಟ್ಟಿಗಳಿರುತ್ತವೆ. ಮೇಲಿನ ಎರಡರಲ್ಲಿ ಅಪ್ಸರೆಯರು, ಕೈಲಾಸ. ಅವನ್ನು ಬಿಡಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ ಇರುತ್ತದೆ. ಬಿಗಿಯಾಗಿ ಕಟ್ಟಿದ ಕಚ್ಚೆ, ಸೊಂಟದ ಪಟ್ಟಿ, ಅದಕ್ಕೆ ಸಿಕ್ಕಿಸಿದ ಕಠಾರಿ, ತುರುಬು ಕಾಣುತ್ತವೆ. ಶಿಲ್ಪಿಗಳ ರೂಢಿ ಅಲ್ಲೂ ಉಂಟು. ಆದರೂ ಮದನಿಕೆಗಿಂತ ಊರಿಗೆ ಹತ್ತಿರ.

ಈಗ ಫೋಟೊ. ಸ್ಟುಡಿಯೋಗೆ ಹೋಗುವುದು ಆಗ ಮದುವೆಗೆ ಹೋದಷ್ಟೇ ದೊಡ್ಡ ಸಂಗತಿ. ಇದ್ದುದರಲ್ಲಿ ಒಳ್ಳೆಯದು ಹಾಕುತ್ತಿದ್ದರು, ಇಲ್ಲದಿದ್ದರೆ ಎರವಲು ತರುತ್ತಿದ್ದರು. ಎಷ್ಟೋ ಕಡೆ ಕುರ್ಚಿ, ಪರದೆಯ ಜೊತೆ ಕೋಟೂ ಸ್ಟುಡಿಯೋದವರದ್ದೇ. ಕೋಟಿನ ಭುಜ, ತೋಳು ಅಳತೆಗೆ ಕೂತಿವೆಯಾ ನೋಡಿ. ತೋಳು ಬೆರಳವರೆಗೆ ಇಳಿದಿದ್ದರೆ ಅನುಮಾನ ಪಡಬಹುದು.

ಇನ್ನು ಮುತ್ತಜ್ಜಿಯ ಕಪ್ಪು ಸೀರೆ. ಅದು ಕೆಂಪು ಇದ್ದಿರಬಹುದು! ಆ ಕಾಲದ ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಬಟ್ಟೆ ಫೋಟೊದಲ್ಲಿ ಕಪ್ಪಾಗಿ ಬರುತ್ತಿತ್ತು, ನೀಲಿ ಬಟ್ಟೆ ಇದ್ದದ್ದಕ್ಕಿಂತ ಬೆಳ್ಳಗೆ. ಕುಂಕುಮ ನೋಡಿ, ಅದೂ ಕಪ್ಪು ಚುಕ್ಕೆಯಾಗಿಯೇ ಕಾಣುತ್ತದೆ. ಆದ್ದರಿಂದ ಬಣ್ಣಕ್ಕೆ ಈ ಫೋಟೊ ನಂಬಬೇಡಿ. ಅಂಚು ಎಷ್ಟು ಅಗಲ, ಸೆರಗು ಯಾವ ಭುಜದ ಮೇಲೆ, ರವಿಕೆಯ ತೋಳು ಎಲ್ಲಿವರೆಗೆ ಅನ್ನುವುದಕ್ಕೆ ಧಾರಾಳವಾಗಿ ನಂಬಿ. ಮೈಸೂರು ಸಿಲ್ಕ್ ಅಂತ ಮಾತ್ರ ಬರೆಸಬೇಡಿ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದೇ 1912ರಲ್ಲಿ.

ನಿಮಗೆ ಬೇಕಾದದ್ದು ದಿನದ ಬಟ್ಟೆ ಅಲ್ವಾ? ತೊಂದರೆ ಅಂದರೆ ಅದು ಉಳಿಯುವುದಿಲ್ಲ. ಹಳೇ ಸೀರೆ ಹರಿದರೆ ತುಂಡು ಪಂಚೆಯಾಗುತ್ತಿತ್ತು, ಆಮೇಲೆ ತೊಟ್ಟಿಲ ಬಟ್ಟೆ, ಕೊನೆಗೆ ದೀಪದ ಬತ್ತಿ. ಜರಿ ಸೀರೆಯನ್ನೂ ಎಷ್ಟೋ ಮನೆಯವರು ತೂಕಕ್ಕೆ ಕೊಟ್ಟರು. ಕೊಂಡವನು ಸುಟ್ಟು ಬೆಳ್ಳಿ ತೆಗೆದುಕೊಂಡ.

ಬಟ್ಟೆ ಹೋದರೂ ಬಟ್ಟೆಯ ಲೆಕ್ಕ ಉಳಿದಿರುತ್ತದೆ. ನಮ್ಮಲ್ಲಿ ಬಟ್ಟೆ ಕೊಡುವ, ಕೊಟ್ಟದ್ದನ್ನು ಬರೆದಿಡುವ ವಸ್ತು. ಶೃಂಗೇರಿ ಮಠದಲ್ಲಿ ಸಿಕ್ಕ ಟಿಪ್ಪುವಿನ ಪತ್ರಗಳಲ್ಲೂ ಶಾಲು, ಬಟ್ಟೆ ಕಳಿಸಿದ ಮಾತು ಬರುತ್ತದೆ. ನಿಮ್ಮ ಅಟ್ಟದಲ್ಲಿ ಹಳೇ ಮದುವೆಯ ಮುಯ್ಯಿ ಪಟ್ಟಿ ಇದೆಯಾ ಹುಡುಕಿ. ಯಾರು ಸೀರೆ ಕೊಟ್ಟರು, ಯಾರು ರವಿಕೆ ಕಣ, ಯಾರು ಪಂಚೆ, ಎಷ್ಟು ಬೆಲೆ, ಎಲ್ಲ ಅದರಲ್ಲಿ ಸಿಗಬಹುದು. ಅಂಗಡಿಯ ಸಾಲದ ಪುಸ್ತಕ ಸಿಕ್ಕರಂತೂ ಹಬ್ಬ. ಒಂದು ಮೊಳಕ್ಕೆ 18 ಅಂಗುಲ ಅಂತ ಇಟ್ಟುಕೊಂಡರೆ, 'ಹದಿನೆಂಟು ಮೊಳ' ಅಂತ ಬರೆದ ಸೀರೆ ಒಂಬತ್ತು ಗಜದ್ದು.

ನಿಮ್ಮ ತಾಲ್ಲೂಕಿಗೆ ಇನ್ನೊಂದು ಅದೃಷ್ಟ ಉಂಟು. ಹಿಂದೆ ಅದು ಮಂಜರಾಬಾದ್. ಬ್ರಿಟಿಷ್ ಅಧಿಕಾರಿ ಬಿ.ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ, ಅಂದರೆ ನಾಡಿನ ವಿವರಗಳ ಸರ್ಕಾರಿ ಗ್ರಂಥದಲ್ಲಿ, ಮಲೆನಾಡಿನವರ ಉಡುಪನ್ನು ವಿವರಿಸಿದ್ದಾರೆ. ಗಂಡಸರು ಕರಿ ಕಂಬಳಿಯನ್ನು ಮೈಗೆ ಸುತ್ತಿ ಎಡಭುಜದ ಮೇಲೆ ಕಟ್ಟುತ್ತಿದ್ದರು, ಕೆಲಸಕ್ಕೆ ಬಲಗೈ ಬಿಡುವಾಗಿರುತ್ತಿತ್ತು. ನಿಮ್ಮ ಮಳೆ ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ದಿನಗಟ್ಟಲೆ ಒಣಗುವುದಿಲ್ಲ, ಕಂಬಳಿ ನೆನೆದರೂ ಬೆಚ್ಚಗಿರುತ್ತದೆ. ಒಂದು ಎಚ್ಚರ: ಸಾಹೇಬರು ಹೊರಗಿನಿಂದ ನೋಡಿ ಬರೆದದ್ದು, ಒಂದು ಸೀಮೆಗೇ ಒಂದು ಉಡುಪು ಅನ್ನುವ ಹಾಗೆ. ಊರೊಳಗೆ ಯಾರು ಏನು ಉಡಬಹುದು ಅನ್ನುವುದನ್ನು ಜಾತಿ, ಜಮೀನು ತೀರ್ಮಾನಿಸುತ್ತಿದ್ದವು. ಒಂದೇ ವರ್ಷ, ಒಂದೇ ಬೀದಿಯಲ್ಲಿ ಪಟೇಲರ ಮನೆಯ ಬಟ್ಟೆ ಬೇರೆ, ಅವರ ಗದ್ದೆಯಲ್ಲಿ ದುಡಿಯುವವರ ಬಟ್ಟೆ ಬೇರೆ. ನಿಮ್ಮವರು ಯಾವ ಕಡೆ ಇದ್ದರು ಅನ್ನುವುದನ್ನು ನಾಚಿಕೆಪಡದೆ ಕೇಳಿಕೊಳ್ಳಿ.

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಇವತ್ತೇ ಹೋಗಿ ಕೂತುಕೊಳ್ಳಿ. 'ಏನು ಉಡ್ತಿದ್ರಿ?' ಅಂದರೆ 'ಸೀರೆ' ಅಂತಾರೆ, ಮಾತು ಮುಗೀತು. ಹಾಗೆ ಕೇಳಬೇಡಿ. ಅವರ ಕೈಗೆ ಒಂದು ಸೀರೆ ಕೊಟ್ಟು, ಮೊಮ್ಮಗಳಿಗೆ ಅವರ ಅಜ್ಜಿಯ ಹಾಗೆ ಉಡಿಸಿ ಅನ್ನಿ. ಗಂಟು ಭುಜದ ಮೇಲೋ ಸೊಂಟಕ್ಕೋ, ನೆರಿಗೆ ಮುಂದೋ ಹಿಂದೋ, ಬಾಯಿಗಿಂತ ಮೊದಲು ಕೈಗೆ ನೆನಪಾಗುತ್ತದೆ. ವಿಡಿಯೊ ಮಾಡಿಕೊಳ್ಳಿ. ರವಿಕೆ ತೊಡುತ್ತಿದ್ದರಾ ಅಂತಲೂ ಕೇಳಿ. ಆಗ ಹಳ್ಳಿಯ ಎಷ್ಟೋ ಹೆಂಗಸರು ರವಿಕೆಯಿಲ್ಲದೆ ಸೆರಗನ್ನೇ ಬಿಗಿದು ಕಟ್ಟುತ್ತಿದ್ದರು. ವೇದಿಕೆಯ ಮೇಲೆ ಮಕ್ಕಳಿಗೆ ರವಿಕೆ ಇರಲಿ ಬಿಡಿ, ಯಾರೂ ತಪ್ಪು ತಿಳಿಯೋಲ್ಲ.

ಹಾಗಾದರೆ ಮೇ ತಿಂಗಳಿಗೆ? ಒಬ್ಬ ಹುಡುಗನಿಗೆ ಫೋಟೊದ ಕೋಟು, ಪೇಟ ಹಾಕಿಸಿ, 'ಮುತ್ತಜ್ಜ, ಸ್ಟುಡಿಯೋದಲ್ಲಿ' ಅನ್ನಿ. ಇನ್ನೊಬ್ಬನಿಗೆ ಕೈಮಗ್ಗದ ತುಂಡು ಪಂಚೆ, ಕರಿ ಕಂಬಳಿ, 'ಮುತ್ತಜ್ಜ, ಗದ್ದೆಯಲ್ಲಿ' ಅನ್ನಿ. ಪಾಲಿಯೆಸ್ಟರ್ ಪಂಚೆ ಮಾತ್ರ ಬೇಡ, ದೂರದಿಂದಲೇ ಹೊಳೆದು ಗುಟ್ಟು ರಟ್ಟಾಗುತ್ತದೆ. ಈ ಎರಡನೆಯವನು ಬರಿಗಾಲಲ್ಲೇ ವೇದಿಕೆ ಹತ್ತಲಿ. ಮೇ ಬಿಸಿಲಿಗೆ ಅಂಗಳ ಕಾದಿದೆ ಅಂತ ಅವರಮ್ಮ ಬೈದರೆ ನನ್ನ ಹೆಸರು ಹೇಳಿ.