ಕ್ಲಬ್ಬಿನ ಲಯ, ದೇಶದ ತಂಡ: ನೈಜೀರಿಯಾ ಫುಟ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

2025ರ ನವೆಂಬರ್ 16ರಂದು ಮೊರಾಕ್ಕೊದ ರಬಾತ್‌ನಲ್ಲಿ ನೈಜೀರಿಯಾ ತಂಡವು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು, ಸತತ ಎರಡನೆಯ ವಿಶ್ವಕಪ್‌ಗೆ ಅರ್ಹತೆ ಕಳೆದುಕೊಂಡಿತು. ಯುರೋಪಿನ ಲೀಗ್‌ಗಳಲ್ಲಿ ಗೋಲುಗಳ ಸುರಿಮಳೆಗರೆಯುವ ಆಟಗಾರರಿದ್ದೂ ‘ಸೂಪರ್ ಈಗಲ್ಸ್’ ಎಂದು ಕರೆಯುವ ಈ ತಂಡಕ್ಕೆ ಹೀಗೇಕಾಗುತ್ತದೆ ಎಂಬ ಪ್ರಶ್ನೆಯನ್ನು ಹಲವು ಓದುಗರು ಹಲವು ರೀತಿಯಲ್ಲಿ ಕೇಳಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪಾಲ್ ಒನುವಾಚು ಬೆಲ್ಜಿಯಂನಲ್ಲಿ ಒಂದೇ ಋತುವಿನಲ್ಲಿ 33 ಗೋಲು ಹೊಡೆದವರು. ವಿಕ್ಟರ್ ಬೋನಿಫೇಸ್ ಜರ್ಮನಿಯಲ್ಲಿ ಅಜೇಯ ಚಾಂಪಿಯನ್ ತಂಡದ ಮುಂಚೂಣಿಯಲ್ಲಿದ್ದವರು. ಇಂಥವರು ದೇಶದ ಅಂಗಿ ತೊಟ್ಟ ಕೂಡಲೇ ಮಂಕಾಗುವುದೇಕೆ? ಇವರನ್ನು ಸರಿಯಾಗಿ ಬಳಸಿಕೊಳ್ಳದೆ ಇರುವುದು ತರಬೇತುದಾರರ ತಪ್ಪಲ್ಲವೇ?

ಉತ್ತರ: ತಪ್ಪು ಯಾರದೆಂದು ಹೇಳುವ ಮೊದಲು ಆ 33 ಗೋಲುಗಳು ಹುಟ್ಟಿದ್ದು ಹೇಗೆಂಬುದನ್ನು ನೋಡಬೇಕು. 2020-21ರಲ್ಲಿ ಅವರು ಆಡುತ್ತಿದ್ದ ಬೆಲ್ಜಿಯಂನ ಗೆಂಕ್ ತಂಡದಲ್ಲಿ ಒಂದು ಬದಿಯಲ್ಲಿ ಜಪಾನಿನ ಜುನ್ಯಾ ಇಟೊ, ಇನ್ನೊಂದು ಬದಿಯಲ್ಲಿ ತೆಯೊ ಬೊಂಗೊಂಡ ಇದ್ದರು. ಎರಡು ಮೀಟರ್‌ಗೂ ಎತ್ತರದ ಒನುವಾಚು ಪೆನಾಲ್ಟಿ ಚೌಕದಲ್ಲಿ ನಿಂತಿದ್ದಾರೆಂಬ ತಿಳಿವಳಿಕೆಯಿಂದಲೇ ಆ ಇಬ್ಬರು ವಾರವಾರವೂ ಓಡುತ್ತಿದ್ದರು, ತಲೆಯೆತ್ತುತ್ತಿದ್ದರು, ಬದಿಯಿಂದ ಚೌಕದೊಳಕ್ಕೆ ಚೆಂಡನ್ನು, ಅಂದರೆ ಕ್ರಾಸ್, ಕಳುಹಿಸುತ್ತಿದ್ದರು. ತಿಂಗಳುಗಟ್ಟಲೆ ಅಭ್ಯಾಸದಿಂದ ಮೂಡಿದ ಆ ಹೊಂದಾಣಿಕೆಯ ಫಲವು ಅಂಕಿಪಟ್ಟಿಯಲ್ಲಿ ಒಬ್ಬನ ಹೆಸರಿನ ಮುಂದೆ ಬರೆಯಲ್ಪಟ್ಟಿತು. ರಾಷ್ಟ್ರೀಯ ತಂಡದ ಕರೆ ಬಂದಾಗ ಒನುವಾಚು ವಿಮಾನ ಹತ್ತುತ್ತಾರೆ, ಆದರೆ ಇಟೊ ಹತ್ತುವುದು ಜಪಾನಿನ ವಿಮಾನವನ್ನು. ನೈಜೀರಿಯಾದ ಬದಿಯ ಆಟಗಾರರಾದ ಸ್ಯಾಮುಯೆಲ್ ಚುಕ್ವುಯೆಜೆ, ಅಡೆಮೊಲಾ ಲುಕ್‌ಮನ್ ಮೊದಲಾದವರಿಗೆ ಗೆರೆಯುದ್ದಕ್ಕೂ ಓಡಿ ಕ್ರಾಸ್ ಕಳುಹಿಸುವುದಕ್ಕಿಂತ ಒಳನುಗ್ಗಿ ತಾವೇ ಗುರಿಯಿಡುವುದು ಹೆಚ್ಚು ಪ್ರಿಯ. ಅದು ದೋಷವಲ್ಲ, ಅವರ ಆಟದ ಬಗೆಯೇ ಅದು. ಆದರೆ ಅಂಥವರ ನಡುವೆ ಎತ್ತರದ ಸ್ಟ್ರೈಕರ್ ಒಬ್ಬನನ್ನು ನಿಲ್ಲಿಸಿ, ಬಾರದ ಚೆಂಡಿಗಾಗಿ ಅವನು ಕಾಯುವುದನ್ನು ನೋಡಿ ‘ದೇಶಕ್ಕೆ ಆಡುವ ಮನಸ್ಸಿಲ್ಲ’ ಎಂದು ಮೂದಲಿಸುವುದು ಅನ್ಯಾಯ. ಅದೇ ಒನುವಾಚು 2019ರ ಮಾರ್ಚ್‌ನಲ್ಲಿ ಅಸಾಬದಲ್ಲಿ ಈಜಿಪ್ಟ್ ವಿರುದ್ಧ ಪಂದ್ಯ ಆರಂಭವಾಗಿ ನಿಮಿಷವೂ ತುಂಬುವ ಮೊದಲೇ ಗೋಲು ಹೊಡೆದಿದ್ದರು. 2021ರಲ್ಲಿ ಬೆನಿನ್ ವಿರುದ್ಧ ಪಂದ್ಯದ ಕೊನೆಯ ಕ್ಷಣಗಳಲ್ಲಿ ಗೆಲುವು ತಂದುಕೊಟ್ಟವರೂ ಅವರೇ. ಸಾಮರ್ಥ್ಯ ಇರಲಿಲ್ಲವೆಂದು ಹೇಳುವಂತಿಲ್ಲ.

ಬೋನಿಫೇಸ್ ಅವರ ಸಂಗತಿ ಇನ್ನೂ ಸ್ಪಷ್ಟ. 2023-24ರಲ್ಲಿ ಜರ್ಮನಿಯ ಲೆವರ್‌ಕುಸೆನ್ ಪರ ಲೀಗ್‌ನಲ್ಲಿ ಅವರು 14 ಗೋಲು ಹೊಡೆದರು. ಆ ಋತುವಿನ ಮೊದಲ ಅರ್ಧದಲ್ಲಿ, ಅವರು ಅತ್ಯುತ್ತಮ ಲಯದಲ್ಲಿದ್ದಾಗಲೇ, ನೈಜೀರಿಯಾ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಆರಂಭಿಸಿತು. ನೈಜೀರಿಯಾದ ಉಯೊದಲ್ಲಿ ಲೆಸೊಥೊ ವಿರುದ್ಧ 1-1, ರುವಾಂಡಾದ ನೆಲದಲ್ಲಿ ಜಿಂಬಾಬ್ವೆ ವಿರುದ್ಧ 1-1. ಉಯೊದಲ್ಲಿ ಸಮಬಲದ ಗೋಲು ಹೊಡೆದವರು ಸೆಮಿ ಅಜಾಯಿ, ಒಬ್ಬ ರಕ್ಷಣಾ ಆಟಗಾರ. ಲೆವರ್‌ಕುಸೆನ್‌ನಲ್ಲಿ ಫ್ಲೋರಿಯನ್ ವಿರ್ಟ್ಜ್ ಅವರಂಥವರು ಬೋನಿಫೇಸ್ ಕಾಲಿಗೆ ಚೆಂಡನ್ನು ತಲುಪಿಸುತ್ತಿದ್ದರು. ಉಯೊದಲ್ಲಿ ತಮ್ಮ ಚೌಕದೊಳಗೇ ಗುಂಪಾಗಿ ನಿಂತ ಎದುರಾಳಿಗಳ ನಡುವೆ ಆ ಚೆಂಡನ್ನು ತೂರಿಸುವ ಕೈಚಳಕದ, ಅಲ್ಲ, ಕಾಲ್ಚಳಕದ ಮಿಡ್‌ಫೀಲ್ಡರ್ ನೈಜೀರಿಯಾ ತಂಡದಲ್ಲಿ ಇರಲಿಲ್ಲ. ಜೇ-ಜೇ ಒಕೋಚಾ ಬಿಟ್ಟುಹೋದ ಆ ಸ್ಥಾನ ಎರಡು ದಶಕಗಳಿಂದ ಖಾಲಿಯಿದೆ. ಅವರ ಸೋದರಳಿಯ ಅಲೆಕ್ಸ್ ಇವೋಬಿ ಆ ಜಾಗದಲ್ಲಿ ಪ್ರಾಮಾಣಿಕವಾಗಿ ದುಡಿದಿದ್ದಾರೆ. ಆದರೆ ಒಬ್ಬರಿಂದಲೇ ರಕ್ಷಣೆಯನ್ನೂ ಸೃಜನಶೀಲತೆಯನ್ನೂ ಬಯಸಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಆದ್ದರಿಂದ ನನ್ನ ಮಾತು ಇಷ್ಟೇ. ಆಯ್ಕೆಗಾರನು ಕ್ಲಬ್ಬಿನ ಗೋಲುಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ ಹೆಸರು ಬರೆದುಕೊಳ್ಳಬಾರದು. ಈ ಆಟಗಾರನಿಗೆ ಅಲ್ಲಿ ಚೆಂಡು ಕೊಡುತ್ತಿರುವವರು ಯಾರು, ನಮ್ಮಲ್ಲಿ ಕೊಡುವವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ 33 ಗೋಲುಗಳ ಆಟಗಾರನೂ ಬೆಂಚಿನ ಮೇಲಿರುವುದೇ ಸರಿ.

ಪ್ರಶ್ನೆ: ಹಾಗಾದರೆ ಸಿರಿಯೆಲ್ ಡೆಸ್ಸರ್ಸ್ ಅವರಿಗೆ ಸಿಕ್ಕಿರುವ ಅವಕಾಶ ನ್ಯಾಯವಾದದ್ದೇ?

ಉತ್ತರ: ಅಲ್ಲ. 2019-20ರಲ್ಲಿ ನೆದರ್ಲೆಂಡ್ಸ್ ಲೀಗ್‌ನ ಜಂಟಿ ಅಗ್ರ ಗೋಲುಗಾರ, 2021-22ರಲ್ಲಿ ಕಾನ್ಫರೆನ್ಸ್ ಲೀಗ್‌ನಲ್ಲಿ ಫೆಯೆನೂರ್ಡ್ ಪರ 10 ಗೋಲು ಹೊಡೆದು ಆ ಟೂರ್ನಿಯ ಅಗ್ರ ಗೋಲುಗಾರ. ಇಂಥವರಿಗೆ ವರ್ಷಗಳ ಕಾಲ ಬೆರಳೆಣಿಕೆಯ ಪಂದ್ಯಗಳಷ್ಟೇ ಸಿಕ್ಕವು. ಮೇಲೆ ಹೇಳಿದ ಮಾತು ಆಟಗಾರನನ್ನು ಅಳೆಯುವುದಕ್ಕೆ, ಅಳೆಯದೆಯೇ ಪಕ್ಕಕ್ಕಿಡುವುದಕ್ಕಲ್ಲ.

ಪ್ರಶ್ನೆ: ದುರ್ಬಲ ಲೀಗ್‌ಗಳಲ್ಲಿ ಆಡುವವರನ್ನು ರಾಷ್ಟ್ರೀಯ ತಂಡಕ್ಕೆ ಕರೆಯುವುದನ್ನು ನಿಲ್ಲಿಸಬಾರದೇ? ಚೀನಾ, ಸೌದಿ ಅರೇಬಿಯಾ, ಸೈಪ್ರಸ್ ಎಂದು ಹೋದವರು ಹಣಕ್ಕಾಗಿ ಹೋದವರು. ಅವರಿಗೇಕೆ ದೇಶದ ಅಂಗಿ?

ಉತ್ತರ: ಹಣಕ್ಕಾಗಿ ಹೋಗುವುದು ವೃತ್ತಿಪರ ಆಟಗಾರನ ಅಪರಾಧವೆಂದು ನಾನು ಭಾವಿಸುವುದಿಲ್ಲ. ಸ್ಟ್ರೈಕರ್‌ನ ಆಯುಷ್ಯ ಹತ್ತು-ಹನ್ನೆರಡು ವರ್ಷ. ಆಮೇಲಿನ ಬದುಕಿಗೂ ಅವನು ಅದರಲ್ಲೇ ಗಳಿಸಬೇಕು. ಆಟದ ಮಾತಿಗೆ ಬಂದರೆ, 2019ರ ಆಫ್ರಿಕಾ ಕಪ್ಪನ್ನು ನೆನಪಿಸಿಕೊಳ್ಳಿ. ಆ ಟೂರ್ನಿಯ ಅಗ್ರ ಗೋಲುಗಾರ ಓಡಿಯೊನ್ ಇಘಾಲೊ, 5 ಗೋಲು. ಆಗ ಅವರು ಚೀನಾದ ಶಾಂಘೈ ಶೆನ್ಹುವಾ ಕ್ಲಬ್ಬಿನಲ್ಲಿದ್ದರು. ಅದಕ್ಕೂ ಒಂದು ವರ್ಷ ಮೊದಲು, ರಷ್ಯಾ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಅವಕಾಶ ಕೈಚೆಲ್ಲಿದ್ದಕ್ಕೆ ಜನ ಅವರಿಗೂ ಅವರ ಕುಟುಂಬಕ್ಕೂ ಜೀವ ಬೆದರಿಕೆ ಹಾಕಿದ್ದರು. ಅಂದು ಆಯ್ಕೆಗಾರರು ಜನರ ಕೋಪಕ್ಕೆ ಮಣಿದು ‘ಚೀನಾದವನು ಬೇಡ’ ಎಂದಿದ್ದರೆ ಮೂರನೆಯ ಸ್ಥಾನದ ಪಂದ್ಯದಲ್ಲಿ ಟ್ಯುನೀಷಿಯಾ ವಿರುದ್ಧ ಬಂದ ಏಕೈಕ ಗೋಲನ್ನು ಹೊಡೆಯಲು ಅವರು ಅಲ್ಲಿ ಇರುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತಲೂ ಪ್ರಿಯವಾದದ್ದು. 2024ರ ಆರಂಭದಲ್ಲಿ ಐವರಿ ಕೋಸ್ಟ್‌ನಲ್ಲಿ ನಡೆದ ಆಫ್ರಿಕಾ ಕಪ್‌ಗೆ ತರಬೇತುದಾರ ಜೋಸೆ ಪೆಸೇರೊ ಗೋಲ್‌ಕೀಪರ್ ಆಗಿ ನಿಲ್ಲಿಸಿದ್ದು ಸ್ಟಾನ್ಲಿ ಎನ್ವಾಬಲಿ ಅವರನ್ನು. ದಕ್ಷಿಣ ಆಫ್ರಿಕಾದ ಚಿಪ್ಪಾ ಯುನೈಟೆಡ್‌ನ ಆ ಆಟಗಾರನ ಹೆಸರನ್ನು ಅಲ್ಲಿಯವರೆಗೆ ಕೇಳಿದವರು ವಿರಳ. ಯುರೋಪಿನಲ್ಲಿ ಆಡುತ್ತಿದ್ದ ಫ್ರಾನ್ಸಿಸ್ ಉಜೋಹೊ ಬೆಂಚಿನಲ್ಲಿ ಕುಳಿತರು. ಸೆಮಿಫೈನಲ್‌ನಲ್ಲಿ ಎದುರಾದದ್ದು ದಕ್ಷಿಣ ಆಫ್ರಿಕಾ, ಅಂದರೆ ಎನ್ವಾಬಲಿ ಆಗ ದಿನನಿತ್ಯ ಆಡುತ್ತಿದ್ದ ಲೀಗ್‌ನ ಆಟಗಾರರೇ ಹೆಚ್ಚಾಗಿದ್ದ ತಂಡ. ಶೂಟೌಟ್‌ನಲ್ಲಿ ಅವರ ಪೆನಾಲ್ಟಿಗಳನ್ನು ತಡೆದು ನೈಜೀರಿಯಾವನ್ನು ಫೈನಲ್‌ಗೆ ತಲುಪಿಸಿದವರು ಎನ್ವಾಬಲಿಯೇ. ಗೋಲ್‌ಕೀಪರ್‌ನ ವಿಷಯದಲ್ಲಂತೂ ಲೀಗ್‌ನ ಹೆಸರಿಗಿಂತ ವಾರಕ್ಕೆ ತೊಂಬತ್ತು ನಿಮಿಷ ಅಂಗಳದಲ್ಲಿ ನಿಲ್ಲುವುದು ದೊಡ್ಡದು.

ಪ್ರಶ್ನೆ: ಕ್ಲಬ್ಬಿನಲ್ಲಿ ಬೆಂಚು ಕಾಯುವವರನ್ನು ದೇಶದ ತಂಡದಲ್ಲಿ ಆಡಿಸುವುದು ಸರಿಯೇ?

ಉತ್ತರ: ಸಾಮಾನ್ಯವಾಗಿ ಸರಿಯಲ್ಲ. ಆದರೆ ಇಂಗ್ಲೆಂಡಿನ ಲೆಸ್ಟರ್ ಕ್ಲಬ್ಬಿನಲ್ಲಿ ಅವಕಾಶ ಸಿಗದೆ 2018ರ ಜನವರಿಯಲ್ಲಿ ಎರವಲಾಗಿ ಮಾಸ್ಕೊಗೆ ಮರಳಿದ ಅಹ್ಮದ್ ಮೂಸಾ, ಅದೇ ಜೂನ್‌ನಲ್ಲಿ ವೋಲ್ಗೊಗ್ರಾಡ್‌ನಲ್ಲಿ ಐಸ್‌ಲೆಂಡ್ ವಿರುದ್ಧ ಎರಡು ಗೋಲು ಹೊಡೆದು ಎರಡು ವಿಶ್ವಕಪ್‌ಗಳಲ್ಲಿ ಗೋಲು ಗಳಿಸಿದ ಮೊದಲ ನೈಜೀರಿಯನ್ ಆದರು. ಅವರು ಆ ಜನವರಿಯಲ್ಲಿ ಸುಮ್ಮನೆ ಕೂರದೆ ಆಡುವ ಕಡೆಗೆ ಹೊರಟರೆಂಬುದನ್ನು ಗಮನಿಸಬೇಕು.

ಪ್ರಶ್ನೆ: ನೈಜೀರಿಯಾದ ಸ್ವಂತ ಲೀಗ್‌ನಲ್ಲಿ 20 ತಂಡಗಳಿವೆ. ಆದರೂ ರಾಷ್ಟ್ರೀಯ ತಂಡದಲ್ಲಿ ಸ್ಥಳೀಯ ಆಟಗಾರರು ಕಾಣುವುದೇ ಇಲ್ಲ. ಇದು ಹಿತ್ತಲ ಗಿಡ ಮದ್ದಲ್ಲ ಎಂಬ ಧೋರಣೆಯಲ್ಲವೇ?

ಉತ್ತರ: ಗಾದೆ ಭಾಗಶಃ ಹೊಂದುತ್ತದೆ. 2013ರಲ್ಲಿ ತರಬೇತುದಾರ ಸ್ಟೀಫನ್ ಕೆಶಿ ಅದೇ ಹಿತ್ತಲಿನ ಗಿಡದಿಂದ ಮದ್ದು ತೆಗೆದರು. ಪೀಟರ್ ಒಡೆಮ್‌ವಿಂಗಿ, ಒಬಾಫೆಮಿ ಮಾರ್ಟಿನ್ಸ್ ಅವರಂಥ ಯುರೋಪಿನ ಹೆಸರುಗಳನ್ನು ಹೊರಗಿಟ್ಟು ದೇಶದ ಲೀಗ್‌ನಿಂದ ಹಲವರನ್ನು ಆಫ್ರಿಕಾ ಕಪ್‌ಗೆ ಕರೆದೊಯ್ದಾಗ ಅವರನ್ನು ಹೀಗಳೆಯದವರಿಲ್ಲ. ಆ ಹಲವರಲ್ಲೊಬ್ಬರಾದ ಸಂಡೇ ಎಂಬಾ ಕ್ವಾರ್ಟರ್‌ಫೈನಲ್‌ನಲ್ಲಿ ಐವರಿ ಕೋಸ್ಟ್ ವಿರುದ್ಧ ಗೆಲುವಿನ ಗೋಲನ್ನೂ, ಫೈನಲ್‌ನಲ್ಲಿ ಬುರ್ಕಿನಾ ಫಾಸೊ ವಿರುದ್ಧ ಪಂದ್ಯದ ಒಂದೇ ಒಂದು ಗೋಲನ್ನೂ ಹೊಡೆದರು. ಸನ್‌ಶೈನ್ ಸ್ಟಾರ್ಸ್ ಕ್ಲಬ್ಬಿನ ಗಾಡ್‌ಫ್ರೀ ಒಬೊವಾಬೊನ ರಕ್ಷಣೆಯ ನಡುವೆ ಕಂಬದಂತೆ ನಿಂತರು. 1994ರಲ್ಲಿ ನಾಯಕನಾಗಿ ಕಪ್ ಎತ್ತಿದ್ದ ಕೆಶಿ ತರಬೇತುದಾರನಾಗಿಯೂ ಅದನ್ನು ಗೆದ್ದರು. ಆಟಗಾರನಾಗಿಯೂ ತರಬೇತುದಾರನಾಗಿಯೂ ಈ ಕಪ್ ಗೆದ್ದವರು ಅವರಿಗಿಂತ ಮೊದಲು ಈಜಿಪ್ಟಿನ ಮಹಮೂದ್ ಎಲ್-ಗೊಹರಿ ಒಬ್ಬರೇ.

ಆದರೆ ಮುಂದೇನಾಯಿತು ನೋಡಿ. ಒಬೊವಾಬೊನ ಅದೇ ವರ್ಷ ಟರ್ಕಿಗೆ ಹೋದರು, ಎಂಬಾ ಮರುವರ್ಷ ಫ್ರಾನ್ಸಿಗೆ. ಒಬ್ಬ ಸ್ಥಳೀಯ ಆಟಗಾರ ಚೆನ್ನಾಗಿ ಆಡಿದ ಮರುಗಳಿಗೆಯೇ ಸ್ಥಳೀಯನಾಗಿ ಉಳಿಯುವುದಿಲ್ಲ. 2003 ಮತ್ತು 2004ರಲ್ಲಿ ಸತತವಾಗಿ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದ ಅಬಾ ನಗರದ ಎನ್ಯಿಂಬಾ ಕ್ಲಬ್ಬಿನಲ್ಲಿ ಗೋಲ್‌ಕೀಪರ್ ಆಗಿದ್ದ ವಿನ್ಸೆಂಟ್ ಎನ್ಯೆಯಾಮ ಕೂಡ ಹೊರಗೆ ಹೋಗಿಯೇ ಬೆಳೆದವರು. ಉಳಿದವರಿಂದಲೇ ತಂಡ ಕಟ್ಟಿದರೆ ಏನಾಗುತ್ತದೆಂಬುದು ದೇಶೀಯ ಆಟಗಾರರಿಗಷ್ಟೇ ಮೀಸಲಾದ ಆಫ್ರಿಕಾ ಚಾಂಪಿಯನ್‌ಷಿಪ್‌ನಲ್ಲಿ ಕಂಡಿತು: 2025ರ ಆಗಸ್ಟ್‌ನಲ್ಲಿ ಸುಡಾನ್ ವಿರುದ್ಧ 0-4. ಯುದ್ಧದಿಂದಾಗಿ ಸ್ವಂತ ನೆಲದಲ್ಲಿ ಆಡಲಾಗದ ದೇಶವೊಂದರ ತಂಡ ಅದು ಎಂಬುದನ್ನು ನೆನೆದರೆ ಆ ಸೋಲಿನ ಭಾರ ಇನ್ನೂ ಹೆಚ್ಚುತ್ತದೆ. ಸ್ಥಳೀಯರಿಗೆ ಬಾಗಿಲು ತೆರೆದಿರಬೇಕೆಂಬುದನ್ನು ನಾನು ಒಪ್ಪುತ್ತೇನೆ. ಸ್ಥಳೀಯರೆಂಬ ಕಾರಣಕ್ಕೆ ಇಂತಿಷ್ಟು ಸ್ಥಾನ ಮೀಸಲಿಡುವುದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿನ ಕಿರಿಯರ ತಂಡಗಳಲ್ಲಿ ಆಡಿ, ಅಲ್ಲಿ ಹಿರಿಯರ ತಂಡದ ಕರೆ ಬರದಿದ್ದಾಗ ನೈಜೀರಿಯಾಕ್ಕೆ ಬರುವವರನ್ನು ನಂಬಬಹುದೇ?

ಉತ್ತರ: ಲುಕ್‌ಮನ್ 2017ರಲ್ಲಿ ಇಂಗ್ಲೆಂಡ್ ಪರ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದವರು. 2022ರಲ್ಲಿ ನೈಜೀರಿಯಾದ ಕಡೆ ಬಂದರು. 2024ರ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ, ಅದುವರೆಗೆ 51 ಪಂದ್ಯಗಳಲ್ಲಿ ಸೋಲದ ಲೆವರ್‌ಕುಸೆನ್ ವಿರುದ್ಧ ಯೂರೋಪಾ ಲೀಗ್ ಫೈನಲ್‌ನಲ್ಲಿ ಇಟಲಿಯ ಅಟಲಾಂಟಾ ಕ್ಲಬ್ಬಿನ ಮೂರೂ ಗೋಲುಗಳನ್ನು ಅವರೇ ಹೊಡೆದರು; ಆ ವರ್ಷದ ಆಫ್ರಿಕಾದ ಶ್ರೇಷ್ಠ ಆಟಗಾರರೂ ಆದರು. ಅದಕ್ಕೂ ಮೊದಲೇ, ಅದೇ ವರ್ಷದ ಆಫ್ರಿಕಾ ಕಪ್‌ನಲ್ಲಿ ಕ್ಯಾಮರೂನ್ ವಿರುದ್ಧ ಎರಡು ಗೋಲು, ಅಂಗೋಲಾ ವಿರುದ್ಧ ಒಂದು ಗೋಲು ಹೊಡೆದಿದ್ದರು. ನೆದರ್ಲೆಂಡ್ಸ್‌ನ ಹಾರ್ಲೆಮ್‌ನಲ್ಲಿ ಹುಟ್ಟಿದ ವಿಲಿಯಂ ಟ್ರೂಸ್ಟ್-ಎಕಾಂಗ್ ಆ ಟೂರ್ನಿಯ ಶ್ರೇಷ್ಠ ಆಟಗಾರನಾದರು. ನಂಬಿಕೆಯ ಪ್ರಶ್ನೆಗೆ ಬೇರೆ ಉತ್ತರ ಬೇಕೆನಿಸುವುದಿಲ್ಲ.

ಪ್ರಶ್ನೆ: ತಂಡ ವಿಕ್ಟರ್ ಒಸಿಮೆನ್ ಒಬ್ಬರ ಮೇಲೆಯೇ ನಿಂತಿದೆ ಎಂಬ ಆರೋಪ ಎಷ್ಟು ನಿಜ?

ಉತ್ತರ: ಬಹುಮಟ್ಟಿಗೆ ನಿಜ, ಆದರೆ ಜನ ಹೇಳುವ ಅರ್ಥದಲ್ಲಲ್ಲ. 2022-23ರಲ್ಲಿ ನಾಪೊಲಿ ಪರ 26 ಗೋಲು ಹೊಡೆದು ಇಟಲಿಯ ಲೀಗ್‌ನ ಅಗ್ರ ಗೋಲುಗಾರನಾದ ಮೊದಲ ಆಫ್ರಿಕನ್ ಅವರು. ಅಂಥವರು 2024ರ ಆಫ್ರಿಕಾ ಕಪ್‌ನಲ್ಲಿ ಹೊಡೆದದ್ದು ಒಂದೇ ಗೋಲು. ಅಂಕಿಪಟ್ಟಿ ನೋಡುವವರು ಅದನ್ನು ವೈಫಲ್ಯವೆಂದೇ ಬರೆದುಕೊಂಡರು. ಆದರೆ ಕ್ಯಾಮರೂನ್‌ನ ರಕ್ಷಣಾ ಆಟಗಾರನ ಕಾಲಿನಿಂದ ಚೆಂಡು ಕಸಿದು ಲುಕ್‌ಮನ್‌ಗೆ ಕೊಟ್ಟವರು ಒಸಿಮೆನ್. ಸೆಮಿಫೈನಲ್‌ನಲ್ಲಿ ಟ್ರೂಸ್ಟ್-ಎಕಾಂಗ್ ಗೋಲಾಗಿಸಿದ ಪೆನಾಲ್ಟಿಯನ್ನು ಗಳಿಸಿಕೊಟ್ಟವರೂ ಅವರೇ. ಇತರ ಸ್ಟ್ರೈಕರ್‌ಗಳು ಚೆಂಡಿಗಾಗಿ ಕಾಯುತ್ತಾರೆ, ಒಸಿಮೆನ್ ತನಗೆ ಬೇಕಾದ ಚೆಂಡನ್ನು ತಾವೇ ಹೋಗಿ ತರುತ್ತಾರೆ. ಒದಗಿಸುವವರಿಲ್ಲದ ತಂಡದಲ್ಲಿ ಅವರೊಬ್ಬರೇ ಸಫಲರಾಗುವುದು ಈ ಕಾರಣಕ್ಕೆ, ಅವರಿಲ್ಲದಾಗ ಎಲ್ಲವೂ ಕುಸಿಯುವುದೂ ಇದೇ ಕಾರಣಕ್ಕೆ. 2026ರ ವಿಶ್ವಕಪ್ ಅರ್ಹತಾ ಸುತ್ತಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಅವರು ಗಾಯದಿಂದಾಗಿ ಆಡಲಿಲ್ಲ. ತಂಡಕ್ಕೆ ದಕ್ಕಿದ್ದು 3 ಅಂಕ. ಮರಳಿ ಬಂದ ಮೇಲೆ ಕಿಗಾಲಿಯಲ್ಲಿ ರುವಾಂಡಾ ವಿರುದ್ಧ ಎರಡು, ಉಯೊದಲ್ಲಿ ಬೆನಿನ್ ವಿರುದ್ಧ ಮೂರು ಗೋಲು. ಗುಂಪಿನ ಕೊನೆಗೆ ದಕ್ಷಿಣ ಆಫ್ರಿಕಾ 18 ಅಂಕ, ನೈಜೀರಿಯಾ 17; ಒಂದೇ ಅಂಕದಿಂದ ನೇರ ಅರ್ಹತೆ ಕೈತಪ್ಪಿತು. ರಬಾತ್‌ನ ಆ ರಾತ್ರಿಯೂ ಅವರು ಗಾಯಗೊಂಡು ದ್ವಿತೀಯಾರ್ಧಕ್ಕೆ ಮರಳಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಹೊಂದಾಣಿಕೆಯ ಮಾತಾಡುತ್ತೀರಿ. ಅದನ್ನು ಕಟ್ಟಬೇಕಾದವರು ಯಾರು?

ಉತ್ತರ: ತರಬೇತುದಾರ. ಆದರೆ ಆ ಒಂದೇ ಅರ್ಹತಾ ಸುತ್ತಿನಲ್ಲಿ ಎಷ್ಟು ಜನ ಬಂದುಹೋದರೆಂದು ಎಣಿಸಿ. ಪೆಸೇರೊ ಫೈನಲ್‌ವರೆಗೆ ಕರೆದೊಯ್ದು ನಿರ್ಗಮಿಸಿದರು. ಫಿನಿಡಿ ಜಾರ್ಜ್ ಬಂದು, 2024ರ ಜೂನ್‌ನಲ್ಲಿ ಅಬಿಜಾನ್‌ನಲ್ಲಿ ಬೆನಿನ್ ವಿರುದ್ಧ 1-2 ಸೋತು, ರಾಜೀನಾಮೆ ಕೊಟ್ಟರು. ಜರ್ಮನಿಯ ಬ್ರೂನೊ ಲಬ್ಬಾಡಿಯ ಅವರ ಹೆಸರು ಘೋಷಣೆಯಾಯಿತು, ಅವರು ಬರಲೇ ಇಲ್ಲ. ಆಗಸ್ಟಿನ್ ಎಗುವಾವೋನ್ ತಾತ್ಕಾಲಿಕವಾಗಿ ನೋಡಿಕೊಂಡರು. 2025ರ ಜನವರಿಯಲ್ಲಿ ಎರಿಕ್ ಶೆಲ್ ನೇಮಕವಾದರು. ಒಬ್ಬೊಬ್ಬರಿಗೂ ಸಿಗುವುದು ವರ್ಷಕ್ಕೆ ನಾಲ್ಕೈದು ಕಿರು ಶಿಬಿರಗಳು, ಒಂದೊಂದರಲ್ಲಿ ಮೂರು ನಾಲ್ಕು ದಿನದ ಅಭ್ಯಾಸ. ಇಷ್ಟರಲ್ಲಿ ಗೆಂಕ್‌ನಂಥ ಹೊಂದಾಣಿಕೆ ಹುಟ್ಟಬೇಕೆಂದರೆ ಒಬ್ಬನೇ ತರಬೇತುದಾರ, ಹೆಚ್ಚುಕಡಿಮೆ ಅದೇ ಹದಿನೈದು ಆಟಗಾರರು, ಎರಡು ಮೂರು ವರ್ಷ ಬೇಕು. ಪ್ರತಿ ಪಟ್ಟಿ ಹೊರಬಿದ್ದಾಗಲೂ ಕಳೆದ ವಾರ ಗೋಲು ಹೊಡೆದವನ ಹೆಸರೇಕಿಲ್ಲ ಎಂದು ಕೂಗುವ ನಾವೂ ಆ ಅವಸರದ ಪಾಲುದಾರರೇ.

ಪ್ರಶ್ನೆ: ನೀವೇ ಆಯ್ಕೆಗಾರರಾದರೆ ಮೊದಲು ಬರೆಯುವ ಹೆಸರು ಯಾವುದು?

ಉತ್ತರ: ಒಸಿಮೆನ್ ಎಂದು ನೀವು ನಿರೀಕ್ಷಿಸಿರಬಹುದು. ನಾನು ಹುಡುಕುವುದು ಬದಿಯಿಂದ ಚೆಂಡು ಕಳುಹಿಸುವವನನ್ನು. 1994ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ವಿರುದ್ಧ ರಶೀದಿ ಯೆಕಿನಿ ನೈಜೀರಿಯಾದ ಮೊಟ್ಟಮೊದಲ ವಿಶ್ವಕಪ್ ಗೋಲು ಹೊಡೆದು, ಬಲೆಗೆ ಕೈತೂರಿಸಿ ಕಣ್ಣೀರಿಟ್ಟ ಚಿತ್ರ ಎಲ್ಲರಿಗೂ ನೆನಪಿದೆ. ಪೋರ್ಚುಗಲ್‌ನ ಸೆತುಬಾಲ್ ಕ್ಲಬ್ಬಿಗೆ ಆ ಋತುವಿನಲ್ಲಿ 21 ಗೋಲು ಹೊಡೆದು ಬಂದಿದ್ದವರು ಅವರು. ಕ್ಲಬ್ಬಿನ ಲಯವೂ ದೇಶದ ಲಯವೂ ಅಂದು ಒಂದಾಗಿದ್ದವು. ಬಲಬದಿಯಿಂದ ಆ ಚೆಂಡನ್ನು ಕಳುಹಿಸಿದವರು ಫಿನಿಡಿ ಜಾರ್ಜ್.