ದತ್ತು ತಂದು 10 ದಿನವಾದರೂ ನಾಯಿ ಮಂಚದ ಕೆಳಗಿಂದ ಹೊರಗೆ ಬರುತ್ತಿಲ್ಲ, ಏನು ಮಾಡಲಿ?

ನಿಮ್ಮ ನಾಯಿಗೆ 4 ವರ್ಷ, ಮನೆಗೆ ಬಂದು 10 ದಿನ. ಹಗಲೆಲ್ಲ ಮಂಚದ ಕೆಳಗೆ ಇರುತ್ತಾನೆ, ಎಲ್ಲರೂ ಮಲಗಿದ ಮೇಲೆ ಬಂದು ಊಟ ಮಾಡುತ್ತಾನೆ, 2 ಸಲ ಹಾಲ್‌ನಲ್ಲಿ ಉಚ್ಚೆ ಮಾಡಿದ್ದಾನೆ, ಮಕ್ಕಳು ಬಗ್ಗಿ ಕರೆದಾಗ ಗುರ್ ಅಂದಿದ್ದಾನೆ ಅಂತ ಬರೆದಿದ್ದೀರಿ. ನಾವು ಅವನಿಗೆ ಇಷ್ಟವಾಗಿಲ್ಲವೇ, ವಾಪಸ್ ಕೊಡಬೇಕೇ ಅಂತ ಕೇಳಿದ್ದೀರಿ.

ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ರಾತ್ರಿ ಎದ್ದು ಬಂದು ಉಣ್ಣುತ್ತಾನೆ ಅಂದಿರಲ್ಲ, ಅದನ್ನು ಓದಿ ನನಗೆ ಸಮಾಧಾನವಾಯಿತು. ಮನೆ ನಿಶ್ಶಬ್ದವಾದಾಗ ಅವನು ಒಬ್ಬನೇ ಓಡಾಡಿ, ಮೂಸಿ, ಈ ಜಾಗ ಎಂಥದ್ದು ಅಂತ ತಿಳಿದುಕೊಳ್ಳುತ್ತಿದ್ದಾನೆ.

ನಮ್ಮ ಚಿನ್ನಿ ಮನೆಗೆ ಬಂದಾಗ ಅವಳಿಗೆ ಸುಮಾರು 5 ವರ್ಷ. ವಾಷಿಂಗ್ ಮಷೀನ್ ಹಿಂದಿನ ಸಂದಿಯೇ ಅವಳ ಮನೆಯಾಗಿತ್ತು. ನಾನು ದಿನಕ್ಕೆ ಹತ್ತು ಸಲ ಅಲ್ಲಿ ಕೂತು ಕರೆಯುತ್ತಿದ್ದೆ, ಕೈ ಚಾಚುತ್ತಿದ್ದೆ. 4ನೇ ದಿನ, ಹೆದರುವಂಥದ್ದೇನೂ ಇಲ್ಲ ಅಂತ ತೋರಿಸೋಣವೆಂದು ಬೆಲ್ಟ್ ಹಿಡಿದು ಮೆಲ್ಲಗೆ ಎಳೆದು ಹೊರಗೆ ತಂದೆ. ಅವಳು ನೆಲಕ್ಕೆ ಅಂಟಿಕೊಂಡು ನಡುಗಿದಳು. ಆಮೇಲೆ ಒಂದೂವರೆ ದಿನ ಏನೂ ತಿನ್ನಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಚುರ್ ಅನ್ನುತ್ತೆ.

ಅಂದಿನಿಂದ ಕರೆಯುವುದನ್ನೇ ಬಿಟ್ಟೆ. ಸಂಜೆ ಒಂದೇ ಹೊತ್ತಿಗೆ ಹೋಗಿ, ಅವಳಿಗೆ ಅರ್ಧ ಬೆನ್ನು ಹಾಕಿ ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದೆ. ಆಗಾಗ ಒಂದು ತುಂಡು ತಿಂಡಿಯನ್ನು ಅವಳ ಕಡೆ ಎಸೆಯುವುದು, ತಿರುಗಿ ನೋಡದೆ ಇರುವುದು, ಅರ್ಧ ಗಂಟೆಗೆ ಎದ್ದು ಹೋಗುವುದು, ಅಷ್ಟೇ. ಕೈಯಲ್ಲಿ ಹಿಡಿದು ಆಸೆ ತೋರಿಸಿ ಹತ್ತಿರ ಬರಿಸಲಿಲ್ಲ, ಯಾಕೆಂದರೆ ಆಗ ನಾಯಿ ತಿನ್ನುವ ಆಸೆಗೆ ಹತ್ತಿರ ಬಂದು, ತಿಂದ ಮರುಕ್ಷಣ ಎಲ್ಲಿದ್ದೇನೆ ಅಂತ ನೋಡಿ ಗಾಬರಿಬೀಳುತ್ತೆ. 17ನೇ ದಿನ ನನ್ನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ಅವಳ ಮೂಗು. ನಾನು ಅಲುಗಾಡಲಿಲ್ಲ.

ಮರಿಯಲ್ಲದ, ಬೆಳೆದ ನಾಯಿಗೆ ಇದು ಕಷ್ಟವಾಗುವುದಕ್ಕೆ ಕಾರಣವಿದೆ. ಅವನಿಗೆ ಗೊತ್ತಿದ್ದ ಜನ, ವಾಸನೆ, ಸದ್ದು, ಊಟದ ಹೊತ್ತು ಎಲ್ಲವೂ ಒಂದೇ ದಿನದಲ್ಲಿ ಹೋಗಿಬಿಟ್ಟಿವೆ. ಗಾಬರಿ ಒಂದರ ಮೇಲೊಂದು ಪೇರಿಕೊಳ್ಳುತ್ತೆ. ಬೆಳಿಗ್ಗೆ ಮಿಕ್ಸಿ ಸದ್ದು, ಮಧ್ಯಾಹ್ನ ಕಾಲಿಂಗ್ ಬೆಲ್, ಸಂಜೆ ಮಕ್ಕಳ ಕೂಗು, ಪ್ರತಿಯೊಂದೂ ಚಿಕ್ಕದೇ, ಆದರೆ ರಾತ್ರಿಯ ಹೊತ್ತಿಗೆ ಅವನ ತಾಳ್ಮೆ ಮುಗಿದಿರುತ್ತೆ. ದತ್ತು ನಾಯಿಗಳ ಜೊತೆ ಕೆಲಸ ಮಾಡುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು 3 ದಿನ, ಮನೆಯ ರೂಢಿ ತಿಳಿಯಲು 3 ವಾರ, ಇದು ನನ್ನ ಮನೆ ಅನ್ನಿಸಲು 3 ತಿಂಗಳು. ಇದು ಅಂದಾಜು ಮಾತ್ರ, ಅಂಜುವ ನಾಯಿಗೆ ಇನ್ನೂ ಹೆಚ್ಚು ಬೇಕು. ಅದಕ್ಕೇ ಊಟ, ವಾಕಿಂಗ್, ಮಲಗುವುದು ಎಲ್ಲವೂ ದಿನಾ ಒಂದೇ ಹೊತ್ತಿಗೆ ಆಗಲಿ. ಮುಂದೆ ಏನಾಗುತ್ತೆ ಅಂತ ಅವನಿಗೆ ಊಹಿಸಲು ಬಂದ ದಿನ ಅರ್ಧ ಭಯ ಹೋಯಿತು ಅಂತಲೇ ತಿಳಿಯಿರಿ. ನೆಂಟರು, ಸ್ನೇಹಿತರು ಸದ್ಯ ಬರುವುದು ಬೇಡ. ಸ್ನಾನವೂ ಬೇಡ. ಮೊದಲು ತಿನ್ನುತ್ತಿದ್ದ ಆಹಾರವನ್ನೇ ಕೊಡಿ, ಬದಲಿಸಲೇಬೇಕಿದ್ದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ ತೆಗೆದುಕೊಳ್ಳಿ.

ಗುರ್ ಅಂದಿದ್ದಕ್ಕೆ ದಯವಿಟ್ಟು ಬೈಯಬೇಡಿ. ‘ದೂರ ಇರಿ, ನನಗೆ ಭಯವಾಗುತ್ತಿದೆ’ ಅಂತ ಅವನು ಹೇಳಬಲ್ಲ ರೀತಿ ಅದು. ಬೈದರೆ ಭಯ ಹೋಗುವುದಿಲ್ಲ, ಹೇಳುವುದು ಮಾತ್ರ ನಿಲ್ಲುತ್ತೆ, ಆಮೇಲೆ ಒಂದು ದಿನ ಸದ್ದಿಲ್ಲದೆ ಕಚ್ಚಲೂಬಹುದು. ಗುರ್ ಅನ್ನುವುದಕ್ಕೂ ಮೊದಲೇ ಅವನು ಬೇರೆ ರೀತಿ ಹೇಳಿರುತ್ತಾನೆ: ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಸೆಟೆದುಕೊಳ್ಳುವುದು. ಮಕ್ಕಳಿಗೂ ಇದನ್ನು ಕಲಿಸಿ. ಮಂಚದ ಕೆಳಗೆ ಯಾರೂ ತಲೆ ಹಾಕಬಾರದು, ಊಟ ಮಾಡುವಾಗ ಮತ್ತು ಮಲಗಿದಾಗ ಯಾರೂ ಮುಟ್ಟಬಾರದು, ದೊಡ್ಡವರು ಪಕ್ಕದಲ್ಲಿ ಇಲ್ಲದೆ ಮಕ್ಕಳು ಅವನ ಜೊತೆ ಇರಬಾರದು. ಬಾಯಲ್ಲಿ ಏನಾದರೂ ಕಚ್ಚಿಕೊಂಡಿದ್ದರೆ ಕಿತ್ತುಕೊಳ್ಳದೆ, ಅದಕ್ಕಿಂತ ರುಚಿಯಾದದ್ದು ಕೊಟ್ಟು ಬಿಡಿಸಿ.

ಉಚ್ಚೆಯ ವಿಷಯ ಸುಲಭ. ಈ ಮನೆಯಲ್ಲಿ ಎಲ್ಲಿ ಹೋಗಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೆಲವು ವಾರ ಮರಿ ಅಂತಲೇ ಅಂದುಕೊಳ್ಳಿ. ಎದ್ದ ಕೂಡಲೇ, ಉಂಡ ಮೇಲೆ, ಮಲಗುವ ಮುಂಚೆ, ನಡುವೆ 2-3 ಗಂಟೆಗೊಮ್ಮೆ ಹೊರಗೆ ಹೋಗಲು ಅವಕಾಶ ಕೊಡಿ. ಹೊರಗೆ ಮಾಡಿದರೆ ಅಲ್ಲೇ, ಆ ಕ್ಷಣವೇ ತಿಂಡಿ ಕೊಡಿ. ಒಳಗೆ ಮಾಡಿದ್ದನ್ನು ಎಂಜೈಮ್ ಇರುವ (ಉಚ್ಚೆಯ ವಾಸನೆಯನ್ನೇ ಒಡೆದು ತೆಗೆಯುವ) ಕ್ಲೀನರ್‌ನಿಂದ ಒರೆಸಿ, ಅಮೋನಿಯಾ ಇರುವುದು ಬೇಡ, ಅದರ ವಾಸನೆ ನಾಯಿಗೆ ಉಚ್ಚೆಯಂತೆಯೇ ಇರುತ್ತೆ. ಪದೇ ಪದೇ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರೆ ಮೂತ್ರದ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಿ.

ನೀವು ಕೇಳದ ಒಂದು ವಿಷಯ ಇದೆ, ನನಗೆ ಅದೇ ದೊಡ್ಡ ಚಿಂತೆ. ಹೊಸ ನಾಯಿ ತೆರೆದ ಬಾಗಿಲಿಂದ ನುಗ್ಗಿದರೆ ಅದಕ್ಕೆ ಮನೆಗೆ ಮರಳುವ ದಾರಿಯೇ ಗೊತ್ತಿರುವುದಿಲ್ಲ, ಹೆದರಿದ ನಾಯಿ ಕರೆದರೂ ನಿಲ್ಲುವುದಿಲ್ಲ. ಹೊರಗೆ ಹೋಗುವಾಗ ಹಾರ್ನೆಸ್ (ಎದೆಯ ಸುತ್ತ ಹಾಕುವ ಪಟ್ಟಿ) ಮತ್ತು ಕೊರಳ ಬೆಲ್ಟ್ ಎರಡೂ ಇರಲಿ, ಹಿಂದಕ್ಕೆ ಜಗ್ಗಿ ತಲೆ ನುಸುಳಿಸಿಕೊಂಡರೂ ಒಂದು ಉಳಿಯುತ್ತೆ. ಬೆಲ್ಟ್‌ನಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಮೈಕ್ರೋಚಿಪ್ (ಗುರುತಿಗಾಗಿ ಚರ್ಮದ ಕೆಳಗೆ ಹಾಕುವ ಪುಟ್ಟ ಚಿಪ್) ಇದ್ದರೆ ಅದು ನಿಮ್ಮ ಹೆಸರಿಗೆ ಬದಲಾಗಿದೆಯೇ ಅಂತ ನೋಡಿ.

ರಾತ್ರಿಯೂ ಉಣ್ಣದೆ ಪೂರಾ ಒಂದು ದಿನ ಕಳೆದರೆ, ವಾಂತಿ ಶುರುವಾದರೆ, ಮುಟ್ಟಿದರೆ ನೋವಾದಂತೆ ಕಂಡರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮಕ್ಕಳ ಕಡೆ ಹಾಯ್ದರೂ ಅಷ್ಟೇ, ಅವನನ್ನು ಬೇರೆ ಕೋಣೆಯಲ್ಲಿ ಇರಿಸಿ, ನಾಯಿಗಳ ನಡವಳಿಕೆ ಬಲ್ಲ ವೈದ್ಯರನ್ನು ಕೇಳಿ. ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವ ಮಾತನ್ನು ಅವರ ಜೊತೆಯೇ ಆಡಿ.

ಇವತ್ತಿನಿಂದ ಒಂದು ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು ಬರೆದಿಡಿ. ಎಷ್ಟು ಹತ್ತಿರ ಬಂದ, ಎಷ್ಟು ಹೊತ್ತಿಗೆ ಉಂಡ, ಬಾಲ ಎಲ್ಲಿತ್ತು. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ನನ್ನ ನೋಟ್‌ಬುಕ್‌ನಲ್ಲಿ 11ನೇ ದಿನ ಹೀಗಿದೆ: ‘ನಾನು ಕೆಮ್ಮಿದೆ. ಓಡಲಿಲ್ಲ.’